ಪರದೆ, ದೀಪ, ಅಳತೆಕೋಲು: ಐದು ದಿನದ ತಿರುಗಾಟ

ಮೊದಲ ದಿನ, ಶನಿವಾರ: ಬೆಂಗಳೂರು

ಚಿತ್ರದಲ್ಲಿ ಹೆಣ್ಣನ್ನು ಹೇಗೆ ನಿಲ್ಲಿಸುತ್ತಾರೆ ಎಂದು ಹುಡುಕಿಕೊಂಡು ಹೋಗುವ ಈ ತಿರುಗಾಟಕ್ಕೆ ವಾರ ನೋಡಿಯೇ ಹೊರಡಬೇಕು. ಕಸ್ತೂರಬಾ ರಸ್ತೆಯ ಮ್ಯಾಪ್, ಅಂದರೆ ಕಲೆ ಮತ್ತು ಫೋಟೋಗ್ರಫಿ ಮ್ಯೂಸಿಯಂ, ಮತ್ತು ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಎರಡಕ್ಕೂ ಸೋಮವಾರ ರಜೆ. ಚೆನ್ನೈನ ಎಗ್ಮೋರ್ ಮ್ಯೂಸಿಯಂಗೆ ಶುಕ್ರವಾರ ರಜೆ. ಮಂಗಳವಾರ ಹೊರಟರೆ ನಾಲ್ಕನೇ ದಿನ ಎಗ್ಮೋರಿನಲ್ಲಿ ಬೀಗ ನೋಡಿಕೊಂಡು ವಾಪಸ್ ಬರಬೇಕಾಗುತ್ತದೆ. ಶನಿವಾರ ಹೊರಟರೆ ಎಲ್ಲ ಕೂಡಿಬರುತ್ತದೆ.

ಹೊರಡುವುದು ಕಲಾವಿದೆ ಪುಷ್ಪಮಾಲಾ ಎನ್. ಅವರ ಫೋಟೋಗಳ ಜಾಡು ಹಿಡಿದು. 1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಬರೋಡಾದಲ್ಲಿ ಶಿಲ್ಪಕಲೆ ಓದಿದ ಅವರು 1990ರ ದಶಕದ ನಡುವಿನಲ್ಲಿ ಕ್ಯಾಮೆರಾದ ಮುಂದೆ ವೇಷ ಹಾಕಿಕೊಂಡು ನಿಲ್ಲತೊಡಗಿದರು. ಕ್ಯಾಮೆರಾದ ಮುಂದೆ ಎಂಬುದನ್ನು ಗಮನಿಸಿ. ಗುಂಡಿ ಒತ್ತುವವರು ಬೇರೆ, ಕೃತಿ ಮಾತ್ರ ನಿಂತವಳದು. ನಮ್ಮ ಮಾತಿನಲ್ಲಿ ಇದಕ್ಕೊಂದು ಸಲೀಸಾದ ಪದವೇ ಇದೆ: ಫೋಟೋ ತೆಗೆಯುವುದು ಒಂದು, ತೆಗೆಸಿಕೊಳ್ಳುವುದು ಇನ್ನೊಂದು. ಪುಷ್ಪಮಾಲಾ ತೆಗೆಸಿಕೊಳ್ಳುವುದನ್ನೇ ಕಸುಬು ಮಾಡಿಕೊಂಡರು.

1996–98ರ ‘ಫ್ಯಾಂಟಮ್ ಲೇಡಿ’ ಸರಣಿ ಕಪ್ಪು ಬಿಳುಪಿನದು. ಮುಂಬೈಯಲ್ಲಿ ಮೀನಲ್ ಅಗರ್ವಾಲ್ ಕ್ಯಾಮೆರಾ ಹಿಡಿದರು, ಹಳೆಯ ಸ್ಟಂಟ್ ನಟಿ ಫಿಯರ್‌ಲೆಸ್ ನಾಡಿಯಾಳ ಕಾಲದ ಸಾಹಸ ಚಿತ್ರಗಳ ಮುಖವಾಡ ಪುಷ್ಪಮಾಲಾ ಮುಖಕ್ಕೆ ಬಂತು. ನಮ್ಮ ದಾರಿಗೆ ಬೇಕಾದದ್ದು ಮಾತ್ರ ಅದರ ನಂತರದ್ದು: ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆಗೂಡಿ 2000ದಿಂದ 2004ರವರೆಗೆ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’. ಅದರ ಬುಡದಲ್ಲಿ ಹತ್ತು ಚಿತ್ರಗಳಿವೆ, ಹತ್ತಕ್ಕೂ ಹಳೆಯ ಮೂಲವೊಂದಿದೆ. ರವಿವರ್ಮನ 1889ರ ಬೆಳದಿಂಗಳ ಹೆಂಗಸು, ಅವನದೇ ಕೆರೆಯಿಂದ ನೀರು ಹೊತ್ತು ಬರುವವಳು, ಅವನ ಪ್ರೆಸ್ಸಿನ ಲಕ್ಷ್ಮಿ, ಬಿಜಾಪುರದ ಸುಲ್ತಾನರ ಕಾಲದ ಚಿತ್ರವೊಂದರ ಯೋಗಿನಿ, ವೇಲಾಂಕಣ್ಣಿ ಮಾತೆ, ಅಳತೆಗೆಂದು ನಿಲ್ಲಿಸಿದ, ನೀಲಗಿರಿಯ ತೋಡ ಬುಡಕಟ್ಟಿನ ಹೆಣ್ಣು, ಕಳ್ಳತನದ ಆರೋಪದಲ್ಲಿ ಸಿಕ್ಕ ಇಬ್ಬರು ಹೆಂಗಸರ ಪತ್ರಿಕಾ ಚಿತ್ರ, ಒಂದು ಕನ್ನಡ ಸಿನಿಮಾದ ಸ್ಟಿಲ್, ಒಂದು ತಮಿಳು ಸಿನಿಮಾದ್ದು, ಒಂದು ಸರ್ಕಸ್ಸಿನದು. ಹತ್ತರಲ್ಲೂ ನಿಂತಿರುವುದು ಪುಷ್ಪಮಾಲಾ ಅವರೇ. ಹಾಗಾಗಿ ಮುಖ ನೋಡಿ ಇವಳು ದೇವಿ, ಇವಳು ಕಳ್ಳಿ ಎಂದು ಹೇಳಲು ಬರುವುದಿಲ್ಲ. ಹೇಳುತ್ತಿರುವುದು ಪರದೆ, ದೀಪ, ನಿಂತ ಭಂಗಿ, ಕ್ಯಾಮೆರಾದ ಎತ್ತರ, ಕೆಳಗಿನ ಹೆಸರುಪಟ್ಟಿ. ಆ ಸಾಮಾನುಗಳು ಯಾವ ಅಂಗಡಿಯಿಂದ ಬಂದವು ಎಂದು ಹುಡುಕುವುದೇ ಮುಂದಿನ ನಾಲ್ಕು ದಿನದ ಕೆಲಸ.

ಇದನ್ನು ಅಮೆರಿಕದ ಕಲಾವಿದೆ ಸಿಂಡಿ ಶರ್ಮನ್ 1977–80ರಲ್ಲಿ ತಾವೇ ವೇಷ ಹಾಕಿ ನಿಂತು ತೆಗೆದ ಸಿನಿಮಾ ಸ್ಟಿಲ್‌ನಂಥ ಚಿತ್ರಗಳಿಗೆ ಹೋಲಿಸುವುದು ರೂಢಿಯಾಗಿಬಿಟ್ಟಿದೆ. ಹೋಲಿಕೆ ಅರ್ಧ ದಾರಿ ಮಾತ್ರ ಬರುತ್ತದೆ. ಶರ್ಮನ್ ಯಾವುದೇ ಒಂದು ಸಿನಿಮಾದ ದೃಶ್ಯವನ್ನು ನಕಲು ಮಾಡಲಿಲ್ಲ, ಎಲ್ಲೋ ನೋಡಿದಂತಿದೆ ಎನಿಸಿ ಸುಮ್ಮನಾಗುತ್ತಾರೆ. ಪುಷ್ಪಮಾಲಾ ಮೂಲ ಯಾವುದೆಂದು ಶೀರ್ಷಿಕೆಯಲ್ಲೇ ಹೇಳುತ್ತಾರೆ. ಹೋಗಿ ಪಕ್ಕದಲ್ಲಿಟ್ಟು ನೋಡಿ ಎಂದ ಹಾಗೆ.

ಮ್ಯೂಸಿಯಂಗೆ ಹೋದವರು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ: ಕೃತಿ ಸಂಗ್ರಹದಲ್ಲಿದೆ ಎಂದರೆ ಗೋಡೆಯ ಮೇಲಿದೆ ಎಂದುಕೊಳ್ಳುವುದು. ಫೋಟೋ ಪ್ರಿಂಟುಗಳು ಬೆಳಕಿಗೆ ಮಾಸುತ್ತವೆ. ಸೂಕ್ಷ್ಮವಾದವುಗಳಿಗೆ 50 ಲಕ್ಸ್‌ನಷ್ಟು (ಲಕ್ಸ್ ಎಂದರೆ ಬೆಳಕಿನ ಅಳತೆ) ಮಂದ ಬೆಳಕು ಕೊಟ್ಟು, ಕೆಲವು ತಿಂಗಳು ತೂಗುಹಾಕಿ, ಮತ್ತೆ ಕತ್ತಲೆ ಪೆಟ್ಟಿಗೆಗೆ ಸೇರಿಸುತ್ತಾರೆ. ಎರಡು ವಾರ ಮುಂಚೆ ಮೇಲ್ ಬರೆದು, ಗೋಡೆಯ ಮೇಲೆ ಏನಿದೆ ಎಂದು ಕೇಳಿಕೊಳ್ಳಿ. 2023ರ ಫೆಬ್ರವರಿಯಲ್ಲಿ ಮ್ಯಾಪ್ ಕಟ್ಟಡ ತೆರೆದಾಗ ಮೊದಲ ಪ್ರದರ್ಶನಗಳಲ್ಲೊಂದಾದ ‘ವಿಸಿಬಲ್/ಇನ್‌ವಿಸಿಬಲ್’ ಹೆಣ್ಣಿನ ಚಿತ್ರಣವನ್ನೇ ಕುರಿತದ್ದಾಗಿತ್ತು. ಅಂಥದ್ದೊಂದು ನಡೆಯುತ್ತಿದ್ದರೆ ಪೂರ್ತಿ ದಿನ ಅಲ್ಲೇ ಹೋಗುತ್ತದೆ, ಹೋಗಲಿ. ಇಲ್ಲದಿದ್ದರೆ ಹತ್ತು ಚಿತ್ರಗಳ ಪ್ರಿಂಟೌಟು ಕೈಚೀಲದಲ್ಲಿರಲಿ. ಮೊಬೈಲ್ ಪರದೆ ಸಾಲದು, ಮುಂದೆ ಎರಡು ಚಿತ್ರಗಳನ್ನು ಅಕ್ಕಪಕ್ಕ ಹಿಡಿಯಬೇಕಾಗುತ್ತದೆ.

ಎರಡನೇ ದಿನ, ಭಾನುವಾರ: ಮೈಸೂರು

ಬೆಳಗಿನ ಮೊದಲ ರೈಲುಗಳಲ್ಲೊಂದನ್ನು ಹಿಡಿದರೆ ಹತ್ತು ಗಂಟೆಗೆಲ್ಲ ಜಗನ್ಮೋಹನ ಅರಮನೆ. 1861ರ ಕಟ್ಟಡ. ಒಳಗಿನ ಶ್ರೀ ಜಯಚಾಮರಾಜೇಂದ್ರ ಆರ್ಟ್ ಗ್ಯಾಲರಿಯಲ್ಲಿ ದುರಸ್ತಿಗೆಂದು ಕೋಣೆಗಳನ್ನು ಮುಚ್ಚಿರುವುದುಂಟು, ಹೊರಡುವ ಮುನ್ನ ಫೋನ್ ಮಾಡಿ. ಕ್ಯಾಮೆರಾ ಒಳಗೆ ಬಿಡುವುದಿಲ್ಲ ಎಂದುಕೊಂಡೇ ಹೋಗಿ.

ಮೊದಲು ರವಿವರ್ಮನ ‘ಗ್ಯಾಲಕ್ಸಿ ಆಫ್ ಮ್ಯುಸಿಷಿಯನ್ಸ್’. 1889. ಹನ್ನೊಂದು ಹೆಂಗಸರು ಗುಂಪಾಗಿದ್ದಾರೆ, ಒಬ್ಬೊಬ್ಬರದು ಒಂದೊಂದು ಸೀಮೆಯ ಉಡುಗೆ. ಸಂಗೀತಗಾರ್ತಿಯರ ಮೇಳ ಎಂದು ಹೆಸರು. ಆದರೆ ಈ ವಾದ್ಯಗಳೆಲ್ಲ ಸೇರಿ ಒಂದು ಕಛೇರಿ ನಡೆಯುವಂತಿಲ್ಲ. ಕೂಡಿಸಿರುವುದು ನುಡಿಸಲಿ ಎಂದಲ್ಲ, ಸೀರೆ ಉಟ್ಟ ಬಗೆ, ಮೂಗುತಿ, ತಲೆಗೂದಲು ನೋಡಿ ಇವಳು ಇಂಥವಳು ಎಂದು ನಾವು ಗುರುತು ಹಿಡಿಯಲಿ ಎಂದು. ಪುಷ್ಪಮಾಲಾ ಹತ್ತು ಚಿತ್ರಗಳಿಗೆ ‘ನೇಟಿವ್ ಟೈಪ್ಸ್’, ಅಂದರೆ ನಾಡಿನ ಜನರ ಮಾದರಿಗಳು, ಎಂದು ಹೆಸರಿಟ್ಟು ಕೆಣಕಿದ್ದು ಈ ಚಾಳಿಯನ್ನೇ. ಇಲ್ಲಿ ಪ್ರಿಂಟೌಟು ತೆಗೆದು ಲಕ್ಷ್ಮಿಯನ್ನು ನೋಡಿ. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ಸು ಹಾಕಿ, ಬಣ್ಣಕ್ಕೊಂದು ಕಲ್ಲಿನಂತೆ ಅಚ್ಚು ಹಾಕಿಸಿ, ಹೆಣ್ಣುದೇವರುಗಳನ್ನು ಮನೆಮನೆಯ ಗೋಡೆಗೆ ತಂದ. ಕಲ್ಲಚ್ಚಿನಲ್ಲಿ ನಾಲ್ಕು ಕೈ ಸಲೀಸು. ಕ್ಯಾಮೆರಾದ ಮುಂದೆ ಮನುಷ್ಯಳಿಗೆ ಇರುವುದು ಎರಡು. ಉಳಿದೆರಡನ್ನು ಮಾಡಿ ಅಂಟಿಸಬೇಕು. ಅಂಟಿಸಿದ್ದನ್ನು ಪುಷ್ಪಮಾಲಾ ಮುಚ್ಚಿಡುವುದಿಲ್ಲ. ಪರದೆ ಬರೆದದ್ದು, ಆನೆ ಚಪ್ಪಟೆ. ದೇವಿ ಎಂದು ಕೈ ಮುಗಿಯಬೇಕೋ, ನಾಟಕ ಕಂಪನಿ ಎಂದು ನಗಬೇಕೋ ತಿಳಿಯದೆ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಆಮೇಲೆ ದೀಪ ಹಿಡಿದ ಹೆಂಗಸಿನ ಕತ್ತಲೆ ಕೋಣೆ. ಬಹಳ ಜನ ಇದನ್ನೂ ರವಿವರ್ಮನದೆಂದೇ ಹೇಳಿಕೊಂಡು ಹೋಗುತ್ತಾರೆ. ಬರೆದದ್ದು ಎಸ್. ಎಲ್. ಹಲ್ದಣಕರ್. ಎಣ್ಣೆಬಣ್ಣವೂ ಅಲ್ಲ, ಜಲವರ್ಣ. ಬಾಗಿಲಲ್ಲೇ ಕೆಲವು ನಿಮಿಷ ನಿಂತು ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ, ಒಂದು ಗುಂಪು ದಾಟಿಹೋಗಲಿ. ಮೊದಲು ಮುಖ ನೋಡಬೇಡಿ, ದೀಪಕ್ಕೆ ಅಡ್ಡ ಹಿಡಿದ ಬೆರಳುಗಳನ್ನು ನೋಡಿ. ಬೆರಳಿನ ಅಂಚು ಕೆಂಪಗೆ ಹೊಳೆಯುತ್ತದೆ. ಹಿಂದೆ ಬಲ್ಬ್ ಇಟ್ಟಿದ್ದಾರೆ ಎಂದು ಪಕ್ಕದವರು ಹೇಳಬಹುದು, ಅದೆಲ್ಲ ಇಲ್ಲ. ಜಲವರ್ಣದಲ್ಲಿ ಬಿಳಿ ಎಂದರೆ ಬಣ್ಣ ತಾಗದ ಕಾಗದ. ಆ ಜಾಗವನ್ನು ಖಾಲಿ ಉಳಿಸಿಕೊಂಡು ಸುತ್ತಲೂ ತೆಳುವಾಗಿ ಪದರದ ಮೇಲೆ ಪದರ ಕತ್ತಲೆ ಹಾಕುತ್ತ ಬಂದರೆ ಉಳಿದ ಕಾಗದವೇ ಉರಿಯುತ್ತದೆ. ಕೋಣೆಯ ಕತ್ತಲೆ ಆ ಕೆಲಸದ ಮುಂದುವರಿಕೆ. ಹಗಲು ಬೆಳಕಿನಲ್ಲಿ ತೂಗುಹಾಕಿದ್ದರೆ ಇಷ್ಟು ಗುಟ್ಟು, ಇಷ್ಟು ಪಿಸುಮಾತು ಹುಟ್ಟುತ್ತಿರಲಿಲ್ಲ. ದೀಪ ಹಿಡಿದು ನಿಂತವಳು ಚಿತ್ರಕಾರನ ಮಗಳು ಗೀತಾ. ರೂಪದರ್ಶಿಯ ಹೆಸರು ಉಳಿದುಬಂದದ್ದು ಈ ಐದು ದಿನದಲ್ಲಿ ಇಲ್ಲೊಂದೇ ಕಡೆ.

ಸಂಜೆಗೆ ಊರಿನ ಹಳೆಯ ಫೋಟೋ ಸ್ಟುಡಿಯೋಗಳ ಕಡೆ. ಬರೆದ ಪರದೆಗಳು ಬಹುಪಾಲು ಹೋಗಿವೆ, ಶೋಕೇಸಿನ ಹಳೆಯ ಚಿತ್ರಗಳಲ್ಲಿ ಇನ್ನೂ ಕಾಣುತ್ತವೆ: ಎಲ್ಲಿಗೂ ಹೋಗದ ಮೆಟ್ಟಿಲು, ಕಂಬ, ಹೂದಾನಿ ಇಟ್ಟ ಎತ್ತರದ ಸ್ಟ್ಯಾಂಡು. ನಮ್ಮಲ್ಲಿ ‘ಹೆಣ್ಣು ನೋಡುವುದು’ ಎಂಬುದು ಒಂದು ಶಾಸ್ತ್ರದ ಹೆಸರೇ ಆಗಿರುವಾಗ ಈ ಸ್ಟುಡಿಯೋಗಳ ಅನ್ನ ಎಲ್ಲಿಂದ ಬಂತು ಎಂದು ಬೇರೆ ಹೇಳಬೇಕಿಲ್ಲ. ಗಂಡಿನ ಕಡೆಗೆ ಕಳಿಸುವ ಫೋಟೋಗೆ ಅದರದೇ ಕಟ್ಟುಪಾಡು: ಪೂರ್ತಿ ನಿಲುವು ಕಾಣಬೇಕು, ಎತ್ತರ ತಿಳಿಯಲು ಪಕ್ಕದಲ್ಲಿ ಸ್ಟ್ಯಾಂಡೋ ಕುರ್ಚಿಯೋ ಇರಬೇಕು, ಜಡೆ ಮುಂದಕ್ಕೆ, ಬೆಳಕು ಮುಖಕ್ಕೆ ನೇರ, ಬಣ್ಣ ಒಂದು ಪಟ್ಟು ಬಿಳುಪಾಗಿ. ಪಕ್ಕದ ಹೂದಾನಿ ಅಲಂಕಾರಕ್ಕೆಂದು ತೋರುತ್ತದೆ, ಅದು ಅಳತೆಕೋಲು. ಈ ಮಾತು ಮಂಗಳವಾರ ಬೇಕಾಗುತ್ತದೆ.

ಕ್ಯಾಮೆರಾದ ಹಿಂದೆ ಹೆಂಗಸನ್ನು ನಿಲ್ಲಿಸಿದರೆ ಸರಿಹೋಗುತ್ತದೆ ಎಂಬ ವಾದವೂ ಹಳೆಯದೇ. ಛಾಯಾಗ್ರಾಹಕ ಲಾಲಾ ದೀನ್ ದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಗೋಷೆಯ ಹೆಂಗಸರಿಗೆಂದೇ ಜನಾನಾ ಸ್ಟುಡಿಯೋ ತೆರೆದು, ಅದನ್ನು ಮಿಸೆಸ್ ಕೆನಿ-ಲೆವಿಕ್ ಕೈಗೆ ಕೊಟ್ಟಿದ್ದ. ಗುಂಡಿ ಒತ್ತುವ ಕೈ ಬದಲಾಯಿತು. ಕುರ್ಚಿ, ಪರದೆ, ಭಂಗಿ ಹಾಗೇ ಉಳಿದರೆ ಚಿತ್ರವೂ ಹಾಗೇ ಉಳಿಯುತ್ತದೆ.

ಮೂರನೇ ದಿನ, ಸೋಮವಾರ: ಬೇಲೂರು

ಮೈಸೂರಿನಿಂದ ಹಾಸನಕ್ಕೆ ಬಸ್ಸಿನಲ್ಲಿ ಮೂರು ಗಂಟೆ, ಅಲ್ಲಿಂದ ಬೇಲೂರಿಗೆ ಒಂದು. ಬೆಳಗ್ಗೆ ಐದೂವರೆಗೆ ಹೊರಡಿ. ತಡವಾದರೆ ಬೆಳಕೂ ಹೋಗುತ್ತದೆ, ಬರಿಗಾಲಿಗೆ ಅಂಗಳದ ಕಲ್ಲೂ ಸುಡುತ್ತದೆ. ಕ್ಯಾಮೆರಾಕ್ಕೆ ತಡೆ ಇಲ್ಲ, ಟ್ರೈಪಾಡ್ ಹಾಕಲು ಪುರಾತತ್ವ ಇಲಾಖೆಯ ಅನುಮತಿ ಬೇಕು.

1117ರ ಚೆನ್ನಕೇಶವ ದೇವಾಲಯದ ಸೂರಿನಡಿ ಹೊರಗೆ 38 ಮದನಿಕೆಯರು, ಒಳಗೆ ನಾಲ್ಕು. ಎಲ್ಲರೂ ಮುಗಿಬೀಳುವುದು ದರ್ಪಣಸುಂದರಿಯ ಮುಂದೆ. ಜೂಮ್ ಹಾಕಿ ಅವಳ ಮುಖದ ಮಟ್ಟಕ್ಕೆ ಎಳೆದುಕೊಂಡರೆ ಪೋಸ್ಟ್‌ಕಾರ್ಡ್ ಸಿಗುತ್ತದೆ, ಅವಳು ಸಿಗುವುದಿಲ್ಲ. ಈ ಕಲ್ಲುಗಳನ್ನು ನಿಲ್ಲಿಸಿರುವುದು ಓರೆಯಾಗಿ, ಸೂರಿನಿಂದ ಕೆಳಕ್ಕೆ ಬಾಗಿದಂತೆ. ಕತ್ತೆತ್ತಿ ನೋಡಬೇಕಾದವರು ನಾವು. ಹಾಗಾಗಿ ಮೊದಲು 35 ಎಂಎಂನಂಥ ಅಗಲದ ಲೆನ್ಸಿನಲ್ಲಿ, ಕೆಳಗೆ ನಿಂತವರ ತಲೆಗಳೂ ಸೇರುವಂತೆ ಒಂದು ತೆಗೆಯಿರಿ. ಆಮೇಲೆ 200 ಎಂಎಂನಲ್ಲಿ ವಿವರ. ಬಳಪದ ಕಲ್ಲು ಕಪ್ಪು, ಸೂರಿನ ನೆರಳು ಇನ್ನೂ ಕಪ್ಪು, ಹಿಂದಿನ ಆಕಾಶ ಬೆಳ್ಳಗೆ. ಕ್ಯಾಮೆರಾ ತಾನೇ ಲೆಕ್ಕ ಹಾಕಿದರೆ ಮುಖ ಇದ್ದಿಲಾಗುತ್ತದೆ, ಎಕ್ಸ್‌ಪೋಷರನ್ನು, ಅಂದರೆ ಒಳಗೆ ಬಿಡುವ ಬೆಳಕನ್ನು, ಒಂದೂವರೆ ಸ್ಟಾಪ್ ಹೆಚ್ಚಿಸಿ. ಬೆಳಗಿನ ಬಿಸಿಲು ಅಂಗಳದ ಕಲ್ಲಿಗೆ ಬಡಿದು ಮೇಲಕ್ಕೆ ಚಿಮ್ಮುವಾಗ ನೆರಳು ತಾನಾಗಿ ತುಂಬಿಕೊಳ್ಳುತ್ತದೆ.

ಪೀಠದಡಿ ಕೆಲವು ಕಡೆ ಬರಹವಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಹೀಗೆ ಕೆತ್ತಿದವರ ಹೆಸರುಗಳು. ನಿಂತವಳದು ಇಲ್ಲ.

ಮಧ್ಯಾಹ್ನ ಎರಡರೊಳಗೆ ಬೇಲೂರು ಬಿಡದಿದ್ದರೆ ಬೆಂಗಳೂರಿನಿಂದ ಚೆನ್ನೈಗೆ ಹೊರಡುವ ರಾತ್ರಿ ಮೇಲ್ ಕೈತಪ್ಪುವ ಭಯವಿದೆ. ಹಳೇಬೀಡಿನ ಆಸೆ ಈ ಸಲಕ್ಕೆ ಬಿಡಿ.

ನಾಲ್ಕನೇ ದಿನ, ಮಂಗಳವಾರ: ಚೆನ್ನೈ

ಎಗ್ಮೋರ್ ಮ್ಯೂಸಿಯಂ ಶುರುವಾದದ್ದು 1851ರಲ್ಲಿ. ಕಂಚಿನ ವಿಗ್ರಹಗಳಿಗೆಂದು ಎಲ್ಲರೂ ಬರುತ್ತಾರೆ, ಬರಲೇಬೇಕು. ಆದರೆ ಇವತ್ತಿನ ಕೆಲಸ ಎಡ್ಗರ್ ಥರ್ಸ್ಟನ್ ಜೊತೆ. 1885ರಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಇಲ್ಲಿನ ಸೂಪರಿಂಟೆಂಡೆಂಟ್ ಆಗಿದ್ದ ಈತ ಮೂಗು, ತಲೆ, ತೋಳುಗಳನ್ನು ಕ್ಯಾಲಿಪರ್ ಎಂಬ ಇಕ್ಕಳದಂಥ ಅಳತೆಗೋಲಿನಿಂದ ಅಳೆಯುತ್ತಿದ್ದ. ಹಳ್ಳಿಗಳಿಗೆ ಹೋಗಿ ಅಳೆದದ್ದಷ್ಟೇ ಅಲ್ಲ, ಮ್ಯೂಸಿಯಂ ನೋಡಲು ಬಂದವರನ್ನೂ ಹಿಡಿದು ಅಳೆದ. ಅಳತೆಯ ವಿದ್ಯೆಯನ್ನು ಮದ್ರಾಸ್ ಪೊಲೀಸರಿಗೂ ಕಲಿಸಿದ. ರಂಗಾಚಾರಿ ಜೊತೆಗೂಡಿ 1909ರಲ್ಲಿ ದಕ್ಷಿಣದ ಜಾತಿ, ಬುಡಕಟ್ಟುಗಳ ಮೇಲೆ ಏಳು ಸಂಪುಟ ಹೊರತಂದ. ಫೋಟೋಗಳ ಕೆಳಗೆ ಜಾತಿಯ ಹೆಸರು ಇರುತ್ತದೆ, ಮನುಷ್ಯಳ ಹೆಸರು ಇರುವುದಿಲ್ಲ. ಪುಷ್ಪಮಾಲಾ ಅವರ ಹತ್ತರಲ್ಲಿ ತೋಡ ಹೆಣ್ಣು, ಪೊಲೀಸರಿಗೆ ಸಿಕ್ಕ ಹೆಂಗಸರು ಎರಡೂ ಯಾಕೆ ಇವೆ ಎಂಬುದು ಈ ಕಟ್ಟಡದಲ್ಲಿ ನಿಂತರೆ ಹೊಳೆಯುತ್ತದೆ. ಎರಡೂ ಒಂದೇ ಕ್ಯಾಲಿಪರಿನ ಮಕ್ಕಳು.

ತೋಡ ಹೆಣ್ಣಿನ ಚಿತ್ರದಲ್ಲಿ ಅವಳ ಹಿಂದಿರುವ ಚೌಕುಳಿಯ ಪರದೆ ಬಂದದ್ದು ಲಂಡನ್ನಿನಿಂದ. 1869ರಲ್ಲಿ ಜಾನ್ ಲ್ಯಾಂಪ್ರಿ ಎಂಬಾತ ಒಂದು ಉಪಾಯ ಪ್ರಕಟಿಸಿದ. ಏಳು ಅಡಿ ಎತ್ತರ, ಮೂರು ಅಡಿ ಅಗಲದ ಗಟ್ಟಿ ಮರದ ಚೌಕಟ್ಟು. ಎರಡೆರಡು ಅಂಗುಲಕ್ಕೆ ಗುರುತು ಹಾಕಿ, ರೇಷ್ಮೆ ದಾರ ಅಡ್ಡಲಾಗಿ ಉದ್ದಲಾಗಿ ಬಿಗಿಯುವುದು. ಅದರ ಮುಂದೆ ಮನುಷ್ಯರನ್ನು ಬತ್ತಲೆ ನಿಲ್ಲಿಸಿ ಫೋಟೋ ತೆಗೆದರೆ, ಜಗತ್ತಿನ ಯಾವ ಮೂಲೆಯ ಮೈಯನ್ನೂ ಲಂಡನ್ನಿನಲ್ಲಿ ಕೂತು ಅಳೆಯಬಹುದು ಎಂಬ ಲೆಕ್ಕ. ಅಂಡಮಾನಿನಲ್ಲಿ ಬ್ರಿಟಿಷ್ ಅಧಿಕಾರಿ ಪೋರ್ಟ್‌ಮನ್ ಇದನ್ನೇ ಚೌಕುಳಿ ಹಿನ್ನೆಲೆ ಮಾಡಿಕೊಂಡ.

ಲೆಕ್ಕ ತಪ್ಪು ಎಂಬುದೇ ಇದರ ಸ್ವಾರಸ್ಯ. ಕ್ಯಾಮೆರಾದಿಂದ ಹತ್ತು ಅಡಿಗೆ ಹೆಂಗಸು ನಿಂತಿದ್ದಾಳೆ, ಅವಳ ಹಿಂದೆ ಒಂದು ಅಡಿಗೆ ಪರದೆ ಇದೆ ಎನ್ನಿ. ಲೆನ್ಸಿಗೆ ಹತ್ತಿರ ಇರುವುದು ದೊಡ್ಡದಾಗಿ ಕಾಣುತ್ತದೆ. ಐದು ಅಡಿಯವಳು ಪರದೆಯ ಮೇಲೆ ಐದೂವರೆ ಅಡಿಯಷ್ಟು ಮುಚ್ಚುತ್ತಾಳೆ. ಆರು ಅಂಗುಲ ಹೆಚ್ಚು, ಅಂದರೆ ಮೂರು ಚೌಕ. ಮುಂದಕ್ಕೆ ಚಾಚಿದ ಕೈ ಇನ್ನೂ ಉದ್ದ, ಹಿಂದಿನ ಭುಜ ಗಿಡ್ಡ. ಚೌಕಗಳು ಅಳೆಯುವುದಿಲ್ಲ, ಅಳೆಯುತ್ತಿರುವಂತೆ ತೋರುತ್ತವೆ ಅಷ್ಟೆ. ಪುಷ್ಪಮಾಲಾ ಅಲ್ಲಿ ನಿಂತಾಗ ಆ ತೋರಿಕೆಯೊಂದೇ ಉಳಿಯುತ್ತದೆ, ಯಾಕೆಂದರೆ ಅಳೆಯಲು ಅಲ್ಲಿ ತೋಡ ಹೆಣ್ಣೇ ಇಲ್ಲ.

ಪುಷ್ಪಮಾಲಾ ಅವರ ‘ನೇಟಿವ್ ವಿಮೆನ್’ ಯೋಜನೆಯದೇ ಆದ ‘ಎಥ್ನೋಗ್ರಾಫಿಕ್’ ಸರಣಿಯ 45 ಪ್ರಿಂಟುಗಳು ಚಿಕ್ಕವು, ಸೀಪಿಯಾ ಬಣ್ಣದವು, ಹಳೆಯ ಆಲ್ಬಮ್ಮಿನ ಹಾಗೆ. ಚಿಕ್ಕ ಪ್ರಿಂಟಿಗೆ ನೋಡುವವರು ಮುಖ ಹತ್ತಿರ ತರಲೇಬೇಕು, ತಾವು ಇಣುಕುತ್ತಿದ್ದೇವೆ ಎಂಬುದು ಆಗ ಮೈಗೆ ಗೊತ್ತಾಗುತ್ತದೆ. ಗಾಜಿನಲ್ಲಿ ನಿಮ್ಮದೇ ಮುಖ ಮೂಡಿದರೆ ಬೈದುಕೊಳ್ಳಬೇಡಿ.

ಹತ್ತಿರದಲ್ಲೇ ಸರ್ಕಾರಿ ಲಲಿತಕಲಾ ಕಾಲೇಜು. 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಕಟ್ಟಿದ ಶಾಲೆ, 1856ರಲ್ಲಿ ಮದ್ರಾಸಿನ ಫೋಟೋಗ್ರಫಿ ಸಂಘ ಕಟ್ಟಿದವನೂ ಅವನೇ. 2019ರ ಚೆನ್ನೈ ಫೋಟೋ ಬಿನಾಲೆ ಎಂಬ ಫೋಟೋ ಉತ್ಸವಕ್ಕೆ ಪುಷ್ಪಮಾಲಾ ಅವರೇ ಕಲಾ ನಿರ್ದೇಶಕಿ. ಕಾಲೇಜನ್ನು ಹೊರಗಿನಿಂದ ನೋಡಿ ಮಧ್ಯಾಹ್ನದ ರೈಲು ಹಿಡಿಯಬಹುದು.

ಐದನೇ ದಿನ, ಬುಧವಾರ: ಒಂದು ಕೋಣೆ, ಮೂವರು

ಕಡೆಯ ದಿನ ಎಲ್ಲಿಗೂ ಹೋಗುವುದಿಲ್ಲ. ನೋಡಿದ್ದನ್ನು ಕಟ್ಟಿ ನೋಡಬೇಕು. 14 ಅಡಿ ಉದ್ದದ ಕೋಣೆ ಸಾಕು. ನಿಲ್ಲುವವಳು ಒಬ್ಬಳು, ಕ್ಯಾಮೆರಾಕ್ಕೆ ಒಬ್ಬರು, ಪರದೆ ದೀಪಕ್ಕೆ ಒಬ್ಬರು.

ಬಿಳಿ ಕಾಟನ್ ಬಟ್ಟೆ, ಏಳು ಅಡಿಗೆ ಮೂರು ಅಡಿ. ಎರಡು ಅಂಗುಲದ ಚೌಕ ಎಳೆದರೆ ಉದ್ದಕ್ಕೆ 42, ಅಗಲಕ್ಕೆ 18, ಒಟ್ಟು 756. ಒಂದು ಬಿಟ್ಟು ಒಂದು ಕಪ್ಪು ಬಳಿಯಲು ಅರ್ಧ ದಿನ ಹಿಡಿಯುತ್ತದೆ, ಹೊರಡುವ ಮುನ್ನವೇ ಮುಗಿಸಿಟ್ಟಿರಿ. ನೀರು ಹೆಚ್ಚಾದರೆ ಬಣ್ಣ ದಾರದ ಗುಂಟ ಹರಿದು ಅಂಚು ಕೆಡುತ್ತದೆ. ಫುಲ್ ಫ್ರೇಮ್ ಕ್ಯಾಮೆರಾ, 50 ಎಂಎಂ ಲೆನ್ಸು, ನಿಂತವಳಿಂದ ಹತ್ತು ಅಡಿ, ಕ್ಯಾಮೆರಾ ಉದ್ದಕ್ಕೆ ತಿರುಗಿಸಿದರೆ ಸುಮಾರು ಏಳು ಅಡಿ ಎತ್ತರ ಸಿಗುತ್ತದೆ. ಮೊದಲು ಬೆನ್ನು ಪರದೆಗೆ ತಾಗುವಂತೆ ಒಂದು, ಆಮೇಲೆ ಒಂದು ಅಡಿ ಮುಂದೆ ಒಂದು, ಎರಡು ಅಡಿ ಮುಂದೆ ಒಂದು. ಕ್ಯಾಮೆರಾ ಕದಲಬಾರದು. ಮೂರರಲ್ಲೂ ತಲೆಯಿಂದ ಕಾಲಿನವರೆಗೆ ಚೌಕ ಎಣಿಸಿ. ಒಬ್ಬಳೇ ಹೆಂಗಸು ಮೂರು ಎತ್ತರದವಳಾಗುತ್ತಾಳೆ.

ಎರಡನೆಯದು ಕ್ಯಾಮೆರಾದ ಎತ್ತರ. ಆರೂವರೆ ಅಡಿಯಿಂದ ಕೆಳಕ್ಕೆ, ಅವಳ ಕಣ್ಣಿನ ಮಟ್ಟಕ್ಕೆ, ಎರಡೂವರೆ ಅಡಿಯಿಂದ ಮೇಲಕ್ಕೆ. ಅವಳು ಪ್ರತಿ ಸಲ ಲೆನ್ಸನ್ನೇ ನೋಡಲಿ. ಮೇಲಿನಿಂದ ತೆಗೆದದ್ದರಲ್ಲಿ ಕಣ್ಣು ದೊಡ್ಡದಾಗಿ, ಬೇಡುವಂತೆ ಕಾಣುತ್ತದೆ. ಕೆಳಗಿನದ್ದರಲ್ಲಿ ದೇವಿ. ನಡುವಿನದ್ದರಲ್ಲಿ ಎದುರುತ್ತರ. ಮನಸ್ಸಿನಲ್ಲಿ ಅವಳು ಏನನ್ನೂ ಬದಲಿಸಿಲ್ಲ.

ಮೂರನೆಯದು ದೀಪ, ಹೆಚ್ಚು ಕೆಡುವುದೂ ಇಲ್ಲೇ. ಬರೆದ ಪರದೆಯಲ್ಲಿ ಕಂಬದ ನೆರಳು ಬಲಕ್ಕೆ ಬಿದ್ದಿದ್ದರೆ ನಿಮ್ಮ ದೀಪ ಎಡದಿಂದಲೇ ಬರಬೇಕು. ತಪ್ಪಿದರೆ ಯಾಕೆಂದು ಹೇಳಲಾಗದೆ ಎಲ್ಲರಿಗೂ ಚಿತ್ರ ಸುಳ್ಳೆನಿಸುತ್ತದೆ. ಅವಳ ನೆರಳು ಪರದೆಗೆ ಬೀಳದಿರಲು ನಾಲ್ಕು ಅಡಿ ಮುಂದೆ ನಿಲ್ಲಿಸಿ, ದೀಪ ಎತ್ತರದಲ್ಲಿ ಓರೆಯಾಗಿರಲಿ. ಕೂದಲ ಅಂಚಿಗೆ ಹಿಂದಿನಿಂದ ಒಂದು ಚಿಕ್ಕ ದೀಪ ಕೊಟ್ಟರೆ 1950ರ ದಶಕದ ತಾರೆ ಸಿದ್ಧ. ಪುಷ್ಪಮಾಲಾ ಈ ಬಗೆಯ ಬೆಳಕು ಬೇಕೆಂದೇ ದಾದರ್‌ನ ಇಂಡಿಯಾ ಫೋಟೋ ಸ್ಟುಡಿಯೋದ ಹಿರಿಯ ಛಾಯಾಗ್ರಾಹಕ ಜೆ. ಎಚ್. ಠಕ್ಕರ್ ಮುಂದೆ ನವರಸದ ಭಂಗಿಗಳಲ್ಲಿ ನಿಂತದ್ದು. ಇನ್ನೊಂದು ಚಿತ್ರಕ್ಕೆ ಬೇಕೆಂದೇ ನೆರಳು ಪರದೆಗೆ ಬೀಳಲಿ. ಆಕಾಶದ ಮೇಲೆ ಮನುಷ್ಯರ ನೆರಳು ಬಿದ್ದೊಡನೆ ಆಕಾಶ ಬಟ್ಟೆಯಾಗುತ್ತದೆ.

ಕೊನೆಗೆ ಕ್ಯಾಮೆರಾ ಹಿಡಿದವರು ಪಕ್ಕಕ್ಕೆ ಸರಿದು ರಿಮೋಟನ್ನು ಅವಳ ಕೈಗೆ ಕೊಡಬೇಕು. ಶೀಬಾ ಛಾಛೀ ದೆಹಲಿಯಲ್ಲಿ 1980ರಿಂದ ವರದಕ್ಷಿಣೆ ವಿರೋಧಿ ಹೋರಾಟಗಳ ಫೋಟೋ ತೆಗೆದರು. ದಶಕದ ಕೊನೆಗೆ, ಘೋಷಣೆ ಕೂಗುವ ಮುಖಗಳೂ ಒಂದು ಮಾದರಿಯಾಗುತ್ತಿವೆ ಎನಿಸಿತು. ಆಗ ಏಳು ಜನ ಕಾರ್ಯಕರ್ತೆಯರ ಜೊತೆ ಕೂತು, ಎಲ್ಲಿ ನಿಲ್ಲುವುದು, ಪಕ್ಕದಲ್ಲಿ ಏನಿಟ್ಟುಕೊಳ್ಳುವುದು ಎಂಬುದನ್ನು ಅವರೊಡನೆಯೇ ನಿರ್ಧರಿಸಿ ಚಿತ್ರ ಕಟ್ಟಿದರು. ‘ಸೆವೆನ್ ಲೈವ್ಸ್ ಅಂಡ್ ಎ ಡ್ರೀಮ್’ ಹೀಗೆ ಆದದ್ದು. ಹಾಗೆ ಮಾಡಲು ಅರ್ಧ ಗಂಟೆ ಸಾಲುವುದಿಲ್ಲ. ಮೊದಲ ಇಪ್ಪತ್ತು ಚಿತ್ರಗಳಲ್ಲಿ ಅವಳು ತನಗೆ ಗೊತ್ತಿರುವ ಯಾವುದೋ ಫೋಟೋದಂತೆಯೇ ನಿಲ್ಲುತ್ತಾಳೆ: ಮದುವೆ ಆಲ್ಬಮ್ಮು, ಆಧಾರ್ ಕಾರ್ಡು, ಇನ್‌ಸ್ಟಾಗ್ರಾಮ್. ಅದನ್ನು ತಡೆಯಬೇಡಿ, ಯಾವುದು ಎಲ್ಲಿಂದ ಬಂತು ಎಂದು ಆಮೇಲೆ ಕೂತು ಗುರುತು ಹಾಕಿಕೊಳ್ಳಿ. ಉಳಿಸುವುದು ಅಳಿಸುವುದು ಅವಳ ಕೈಯಲ್ಲಿರಲಿ, ಪ್ರಿಂಟಿನ ಕೆಳಗೆ ಅವಳು ಹೇಳಿದ ಹೆಸರೇ ಬರಲಿ.

ಪರದೆಯನ್ನು ಮಡಚಿಡಬೇಡಿ, ಮಡಿಕೆಯ ಗೆರೆ ಚೌಕುಳಿಯ ಮೇಲೆ ಇನ್ನೊಂದು ಚೌಕುಳಿ ಹಾಕುತ್ತದೆ. ಮೂರೂವರೆ ಅಡಿಯ ಪೈಪಿಗೆ ಸುತ್ತಿಡಿ. ಪ್ರಿಂಟು ಹಾಕಿಸುವಾಗ ಚಿತ್ರದ ಅಂಚಿನಲ್ಲಿ ಪರದೆ ಹಿಡಿದವರ ಬೆರಳೋ ದೀಪದ ಕಾಲೋ ಬಂದಿದ್ದರೆ, ಅಂಗಡಿಯವರು ನೀಟಾಗಿ ಕತ್ತರಿಸಿ ಕೊಡುತ್ತೇನೆ ಎನ್ನುತ್ತಾರೆ. ಬೇಡ ಎನ್ನಿ.